ತುರ್ತು ಪರಿಸ್ಥಿತಿಯ ಬಂಧನ ಕಡತಗಳನ್ನು ತೆರೆಯಿರಿ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ,

1975ರಲ್ಲಿ ನನ್ನ ತಂದೆಯವರನ್ನು ಮೀಸಾ (ಆಂತರಿಕ ಭದ್ರತಾ ನಿರ್ವಹಣಾ) ಕಾಯ್ದೆಯಡಿ ಮನೆಯಿಂದ ಕರೆದೊಯ್ದವರು ಕಾರಣ ಹೇಳಲಿಲ್ಲ. ಹೇಳಬೇಕಾಗಿಲ್ಲವೆಂದು ಕಾಯ್ದೆಗೇ ತಿದ್ದುಪಡಿ ತರಲಾಗಿತ್ತು. ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸುವ ಹಕ್ಕೂ ಬಂಧಿತರಿಗಿಲ್ಲವೆಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕಾರಣ ತಿಳಿಯದೆಯೇ ನನ್ನ ತಂದೆ ತೀರಿಕೊಂಡರು. ಐವತ್ತು ವರ್ಷ ಕಳೆದರೂ ನಮಗೂ ಅದು ತಿಳಿದಿಲ್ಲ.

ಆ ಬಂಧನ ಆದೇಶದ ಪ್ರತಿಯನ್ನು ಕೊಡಿ ಎಂದು ವರ್ಷಗಳಿಂದ ಕೇಳುತ್ತಿದ್ದೇನೆ. ಬರುವುದು 'ಕಡತ ಲಭ್ಯವಿಲ್ಲ' ಎಂಬ ಒಂದೇ ಸಾಲಿನ ಹಿಂಬರಹ. ಕಳೆದ ಬಾರಿ ಅಧಿಕಾರಿಯೊಬ್ಬರು, 'ನಿಮ್ಮ ತಂದೆ ಜೈಲಿನಲ್ಲಿದ್ದುದಕ್ಕೆ ಮೊದಲು ದಾಖಲೆ ತನ್ನಿ, ಆಮೇಲೆ ಹುಡುಕಿಸೋಣ' ಎಂದರು. ನಾನು ಕೇಳಲು ಹೋದದ್ದೇ ಆ ದಾಖಲೆಯನ್ನು. ಪಕ್ಕದಲ್ಲಿದ್ದ ನನ್ನ ತಾಯಿ, ಮಕ್ಕಳನ್ನು ಕಟ್ಟಿಕೊಂಡು ಜೈಲಿನ ಬಾಗಿಲಲ್ಲಿ ಗಂಟೆಗಟ್ಟಲೆ ಕಾದವರು, 'ಹಾಗಾದರೆ ನಾನು ಯಾರ ಭೇಟಿಗೆ ಹೋಗುತ್ತಿದ್ದೆ?' ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ. ಆ ಮೌನವನ್ನು ನಾನು ಕ್ಷಮಿಸಲಾರೆ.

ಕಡತಗಳನ್ನು ಪಟ್ಟಿಮಾಡಿ ಕಾಪಾಡಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4(1)(ಎ) ಕಲಮು, ಇಪ್ಪತ್ತು ವರ್ಷ ದಾಟಿದ ಮಾಹಿತಿಯನ್ನು ಕೆಲವು ವಿನಾಯಿತಿಗಳ ಹೊರತು ಕೊಡಬೇಕೆಂದು 8(3)ನೇ ಕಲಮು ಹೇಳುತ್ತವೆಂಬುದು ತಮಗೆ ಗೊತ್ತೇ ಇದೆ. ಕಡತಗಳನ್ನು ತೆರೆಯಿರಿ.

ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗದ ವರದಿಯಂತೆ ದೇಶದಲ್ಲಿ ಮೀಸಾ ಅಡಿ 34,988 ಮಂದಿ, ಭಾರತ ರಕ್ಷಣಾ ನಿಯಮಗಳಡಿ 75,818 ಮಂದಿ ಬಂಧಿತರಾಗಿದ್ದರು. ಈಗ ಫ್ರೀಡಂ ಪಾರ್ಕ್ ಆಗಿರುವ ಬೆಂಗಳೂರಿನ ಅಂದಿನ ಕೇಂದ್ರ ಕಾರಾಗೃಹದಲ್ಲಿ ವಾಜಪೇಯಿ, ಅಡ್ವಾಣಿಯವರಿದ್ದುದು ಎಲ್ಲರಿಗೂ ಗೊತ್ತು. ಅಲ್ಲಿ ಉಬ್ಬಸದಿಂದ ನರಳಿ, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡ ನಟಿ ಸ್ನೇಹಲತಾ ರೆಡ್ಡಿಯವರ ಸಂಕಟವೂ, ಅವರು ಸೆರೆಯಲ್ಲಿ ದಿನಚರಿ ಬರೆದಿಟ್ಟಿದ್ದರಿಂದ ನಮಗೆ ತಿಳಿದಿದೆ. ಏನನ್ನೂ ಬರೆದಿಡದ ಶಿಕ್ಷಕರು, ಕಾರ್ಮಿಕರು, ವಿದ್ಯಾರ್ಥಿಗಳ ಪಾಲಿಗೆ ಜೈಲಿನ ದಾಖಲಾತಿ ಪುಸ್ತಕದ ಒಂದು ಸಾಲೇ ಸಾಕ್ಷಿ. ಅದೂ ಅಳಿದರೆ, ಕಾರಣ ಹೇಳದೆ ಜನರನ್ನು ಕೂಡಿಹಾಕಿದ ಅಧಿಕಾರಕ್ಕೆ ಲೆಕ್ಕ ಕೇಳಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಾಳೆ ಹಾಗೆಯೇ ಮಾಡಬಯಸುವವರಿಗೆ ಅದಕ್ಕಿಂತ ದೊಡ್ಡ ಧೈರ್ಯ ಬೇಕಿಲ್ಲ. ತುರ್ತು ಪರಿಸ್ಥಿತಿ ಘೋಷಣೆಯಾದ ದಿನವೆಂದು ಪ್ರತಿ ಜೂನ್ 25ರಂದು ವೇದಿಕೆಗಳಲ್ಲಿ ಕೇಳುವ ಭಾಷಣಗಳು ಆ ಒಂದು ಸಾಲಿಗೆ ಸಮವಲ್ಲ.

ಆದ್ದರಿಂದ ಮತ್ತೊಮ್ಮೆ ಕೇಳುತ್ತೇನೆ: ಕಡತಗಳನ್ನು ತೆರೆಯಿರಿ. ಬಂಧಿತರ ಹೆಸರು, ಆದೇಶದ ದಿನಾಂಕ, ದಾಖಲಾದ ಕಾರಣಗಳನ್ನು ಜಿಲ್ಲಾವಾರು ಪ್ರಕಟಿಸಿ. ನಾಶಪಡಿಸಲಾಗಿದ್ದರೆ, ಯಾವ ಆದೇಶದ ಮೇರೆಗೆ, ಯಾವ ದಿನ, ಯಾರ ಸಹಿಯಿಂದ ಎಂಬುದನ್ನು ಲಿಖಿತವಾಗಿ ತಿಳಿಸಿ. ನನ್ನ ತಾಯಿ ಬದುಕಿರುವಾಗಲೇ ತಿಳಿಸಿ.

ಇತಿ,
ಮೀಸಾ ಬಂಧಿತರೊಬ್ಬರ ಮಗಳು