ಕಂಪನಿ ವಕೀಲರು ಬಡವರ ಕಾಗದವನ್ನೂ ಓದಲಿ

ಮಾನ್ಯರೇ,

ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಮಹಿಳೆಯೊಬ್ಬರಿಗೆ ಮೊನ್ನೆ ಚೆಕ್ ಬೌನ್ಸ್ ನೋಟಿಸ್ ಬಂತು. ಮೂರು ಪುಟ, ಪೂರ್ತಿ ಇಂಗ್ಲಿಷ್. ಕೈಸೇರಿದ 15 ದಿನದೊಳಗೆ ಹಣ ಕಟ್ಟದಿದ್ದರೆ ಕೇಸು ಹಾಕಬಹುದು ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಓದಿ ಹೇಳುವವರು ಸಿಗುವಷ್ಟರಲ್ಲಿ ಅರ್ಧ ಅವಧಿ ಮುಗಿದಿತ್ತು.

ಬೆಂಗಳೂರಿನಲ್ಲಿ ಕಂಪನಿಗಳ ಕರಾರು, ಸಾಲಪತ್ರ ನೋಡುವ ವಕೀಲರಿಗೇನೂ ಕೊರತೆಯಿಲ್ಲ. ‘ನಾವು ಕೋರ್ಟಿಗೆ ಹೋಗುವವರಲ್ಲ, ನಮ್ಮಿಂದೇನು ಸಹಾಯ?’ ಎಂದು ಕೆಲವರು ಹಿಂಜರಿಯುತ್ತಾರೆ. ಆದರೆ ಸ್ವಸಹಾಯ ಸಂಘದ ಸಾಲದ ಕಾಗದ, ಬಾಡಿಗೆ ಕರಾರು, ಜಾಮೀನಿನ ಸಹಿ, ಇಂಥವೆಲ್ಲ ಅವರ ದಿನನಿತ್ಯದ ಕೆಲಸವೇ ಅಲ್ವಾ? ಸಹಿ ಹಾಕುವ ಮೊದಲೇ ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಎಷ್ಟೋ ಕೇಸುಗಳು ಹುಟ್ಟುವುದೇ ಇಲ್ಲ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಉಂಟು. ಸಹಾಯವಾಣಿ 15100. ಉಚಿತವಾಗಿ ನೆರವಾಗಲು ಮುಂದೆ ಬರುವ ವಕೀಲರು ಕೇಂದ್ರದ ‘ನ್ಯಾಯ ಬಂಧು’ ಯೋಜನೆಯಲ್ಲಿ ಹೆಸರು ನೋಂದಾಯಿಸಬಹುದು. ದೊಡ್ಡ ಲಾ ಫರ್ಮ್‌ಗಳು ಕಿರಿಯ ವಕೀಲರಿಗೆ ತಿಂಗಳಿಗೊಂದು ಶನಿವಾರ ಇದಕ್ಕೆ ಬಿಟ್ಟುಕೊಡಲಿ. ಕಕ್ಷಿದಾರರಿಗೆ ಬಿಲ್ ಮಾಡುವ ಗಂಟೆಗಳಂತೆಯೇ ಆ ಹೊತ್ತನ್ನೂ ಕಿರಿಯರ ಕೆಲಸದ ಲೆಕ್ಕಕ್ಕೆ ಸೇರಿಸಲಿ. ಇಲ್ಲದಿದ್ದರೆ ಮನಸ್ಸಿದ್ದವರಿಗೂ ಬಿಡುವು ಸಿಗುವುದಿಲ್ಲ.

– ಓದುಗ, ವಿಜಯನಗರ, ಬೆಂಗಳೂರು