ಮಗಳಿಗೊಂದು ಪತ್ರ: ಬರ್ತೀನಿ ಅಂತ ಬರಿ

ಮಗಳೇ, ಅಪ್ಪನ ಆಶೀರ್ವಾದ.

ನಿನ್ನೆ ಫೋನಿನಲ್ಲಿ ಇಬ್ಬರ ದನಿಯೂ ಏರಿತು. ಬೇಜಾರು ಮಾಡ್ಕೋಬೇಡ. ನೀನು ಫೋನ್ ಇಟ್ಟಾಗಿನಿಂದ ನಿನ್ನವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನನ್ನ ಮಾತು ಮುಗಿದಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಳೆಯ ವಿದ್ಯಾರ್ಥಿಗಳಲ್ಲಿ ನಿನ್ನನ್ನು ಆರಿಸಿ ಸನ್ಮಾನ ಮಾಡುತ್ತೇವೆ ಅಂತ ಕಾಲೇಜಿನವರು ಕರೆದರೆ, ಬೇಡ ಅಂತ ಬರೆದಿದ್ದೀಯ. 'ಸಂಬಳ ತೊಗೊಂಡು ಕೆಲಸ ಮಾಡೋ ಕಣ್ಣಿನ ಡಾಕ್ಟರು ನಾನು. ಭಾನುವಾರ ಹಳ್ಳಿ ಶಿಬಿರಕ್ಕೆ ಹೋದರೆ ಅದು ಸೇವೆ ಹೆಂಗಾಗುತ್ತಪ್ಪಾ' ಅಂದೆ. ಹೆಂಗಾಗುತ್ತೆ ಅಂತ ನಾನು ಹೇಳ್ತೀನಿ ಕೇಳು.

ಜಮಖಂಡಿ ಕಡೆಯ ಶಿಬಿರಕ್ಕೆ ಚೀಟಿ ಬರೆಯಲು ನಾನೂ ಬಂದಿದ್ದೆನಲ್ಲ. ಮೋತಿಬಿಂದು, ಅಂದರೆ ಕಣ್ಣಿನ ಪೊರೆ ಅಂತ ಬಂದವರನ್ನು ನೀನು ಒಬ್ಬೊಬ್ಬರಾಗಿ ಕೂಡಿಸಿ, ಗದ್ದ ಎತ್ತಿ ಹಿಡಿದು, ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡುತ್ತಿದ್ದೆ. 'ಸಕ್ಕರೆ ಕಾಯಿಲೆ ಐತೇನು?' ಅಂತ ಎಲ್ಲರಿಗೂ ಕೇಳುತ್ತಿದ್ದೆ. ಒಬ್ಬ ಅಜ್ಜಿ ಇಲ್ಲ ಅಂದರು. ನೀನು ಬಗ್ಗಿ ಅವರ ಕಾಲು ನೋಡಿದೆ. ಹೆಬ್ಬೆರಳಿನಲ್ಲಿ ಮಾಯದ ಗಾಯ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇತ್ತು. ಕಣ್ಣಿನ ಡಾಕ್ಟರು ಕಾಲು ನೋಡುವುದನ್ನು ನಾನು ಕಂಡದ್ದು ಅವತ್ತೇ. ಆಪರೇಷನ್ ಆದವರ ಮನೆಗೆ ಫೋನ್ ಮಾಡಿ 'ಹನಿ ಹಾಕ್ತೀರಿಲ್ಲೋ, ಕಣ್ಣಿಗೆ ನೀರು ತಾಗಿಸಬ್ಯಾಡ್ರಿ' ಅಂತ ವಿಚಾರಿಸುತ್ತೀಯ. ಇದಕ್ಕೆ ಯಾರು ಸಂಬಳ ಕೊಡ್ತಾರೆ ನಿನಗೆ?

ಅವತ್ತು ವಾಪಸ್ ಬರುವಾಗ ಕತ್ತಲಾಗಿತ್ತು. ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದ್ದವು. ಮುಧೋಳ ದಾಟಿದ ಮೇಲೆ ರಸ್ತೆ ನಡುವೆಯೇ ಒಂದು ಟ್ರ್ಯಾಕ್ಟರ್ ನಿಂತಿತ್ತು. ಹಿಂದೆ ಎರಡು ಟ್ರೇಲರ್, ತುಂಬಾ ಕಬ್ಬು. ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಗಾಲಿಗೆ ಒಂದು ಕಲ್ಲು ಕೊಟ್ಟು ಡ್ರೈವರ್ ಎಲ್ಲೋ ಹೋಗಿದ್ದ. ನೀನು ಬ್ರೇಕ್ ಒತ್ತಿದಾಗ ಕಬ್ಬಿನ ತುದಿ ಕಾರಿನ ಗಾಜಿಗೆ ತಾಗಿತು. ನೀನು ಹಿಂದೆ ಸರಿಸಿ, ಪಕ್ಕದಿಂದ ತೆಗೆದುಕೊಂಡು ಸುಮ್ನೆ ಹೊರಟುಬಿಟ್ಟೆ. ನಾನು ಮಾತಾಡಲಿಲ್ಲ. ಬಾಗಲಕೋಟೆ ಮುಟ್ಟುವವರೆಗೂ ಬಾಗಿಲ ಮೇಲಿನ ಹಿಡಿ ಬಿಡಲಿಲ್ಲ.

ಆ ಟ್ರೇಲರ್ ನನ್ನ ತಲೆಯಿಂದ ಹೋಗಿಲ್ಲ. ಭಾನುವಾರ ರಾತ್ರಿ ನಿನ್ನ ಫೋನ್ ತಡವಾದರೆ ಅದೇ ಕಣ್ಣ ಮುಂದೆ ಬರುತ್ತೆ. ಪೇಪರಿನಲ್ಲಿ ಕಬ್ಬಿನ ಗಾಡಿಗೆ ಕಾರು ಡಿಕ್ಕಿ ಅಂತ ಓದಿದರೆ ಮೊದಲು ಊರಿನ ಹೆಸರು ನೋಡುತ್ತೇನೆ. ಎದುರಿನಿಂದ ಬರುವ ಲಾರಿಯ ಬೆಳಕು ಕಣ್ಣಿಗೆ ಹೊಡೆದಾಗ ಮುಂದೆ ನಿಂತ ಗಾಡಿ ಕಾಣೋದೇ ಇಲ್ಲ, ಇದು ಕಣ್ಣಿನ ಡಾಕ್ಟರಿಗೆ ನಾನು ಹೇಳಬೇಕಾ? ದಿನವಿಡೀ ದಣಿದಿರುತ್ತೀಯ, ಊಟ ಮಾಡಿರಲ್ಲ, ಮೇಲೆ ನಿದ್ದೆ. ಕಬ್ಬಿನ ಹಂಗಾಮು ಮುಗಿಯುವವರೆಗೆ ಶಿಬಿರವನ್ನು ಮಧ್ಯಾಹ್ನಕ್ಕೇ ಮುಗಿಸು. ಆಗದಿದ್ದರೆ ಅಲ್ಲೇ ಯಾರ ಮನೆಯಲ್ಲಾದರೂ ಉಳಿದು ಬೆಳಿಗ್ಗೆ ಹೊರಡು. ಕಾರಿಗೊಬ್ಬ ಡ್ರೈವರ್ ಇಟ್ಟುಕೋ. ಉಪದೇಶ ಶುರುವಾಯಿತು ಅಂತೀಯ. ಅನ್ನು, ಪರವಾಗಿಲ್ಲ.

ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ಬದುಕಿದವನು ನಾನು. ಫ.ಗು. ಹಳಕಟ್ಟಿಯವರ ಹೆಸರು ಕೇಳಿದರೆ ಕೈ ತಾನಾಗಿ ಮುಗಿಯುತ್ತೆ. ವಿಜಯಪುರದಲ್ಲಿ ವಕೀಲರಾಗಿದ್ದವರು, ವಚನಗಳನ್ನು ಅಚ್ಚು ಹಾಕಿಸಬೇಕು ಅಂತ ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ತೆರೆದರು. 1910ರಲ್ಲಿ ಅವರು ಕಟ್ಟಿದ ಸಂಘದ ಕಾಲೇಜಿನಲ್ಲೇ ನೀನು ಓದಿದ್ದು. ಅವರ ಹಾಗೆ ಆಗಿ ಅಂತ ಇಲ್ಲಿ ಮಕ್ಕಳಿಗೆ ಎಲ್ಲರೂ ಹೇಳ್ತಾರೆ. ನಾನು ನಿನಗೆ ಹಾಗೆ ಹೇಳಲ್ಲ. ಮನೆ ಮಾರಿದ ದಿನ ಆ ಮನೆಯವರಿಗೆ ಹೇಗಾಗಿರಬೇಕು ಅಂತ ಯೋಚನೆ ಬರುತ್ತೆ ನನಗೆ. ನೀನು ಜನರಿಗೆ ಮಾಡು, ಎಷ್ಟು ಬೇಕಾದರೂ ಮಾಡು, ನಿನ್ನ ಮೈ ಉಳಿಸಿಕೊಂಡು ಮಾಡು.

ಇನ್ನು ಆ ಸನ್ಮಾನ. ನಿನ್ನ ಜೊತೆ ಶಿಬಿರಕ್ಕೆ ಬರುವ ನರ್ಸ್ ಸಿಸ್ಟರ್‌ಗೆ ಕೊಡಲಿ ಅಂತ ನೀನಂದೆ. ಸರಿಯಾದ ಮಾತೇ. ಅದನ್ನು ವೇದಿಕೆ ಮೇಲೆ ನಿಂತು ಹೇಳು, ಅವರ ಹೆಸರು ಹಿಡಿದು ಹೇಳು. ನೀನು ಬಂದರೆ ತಾನೇ ಹೇಳೋದು? ಸಭೆಯಲ್ಲಿ ಇಂಡಿ, ಸಿಂದಗಿ, ತಾಳಿಕೋಟೆಯಿಂದ ಬಂದ ಹುಡುಗಿಯರು ಕೂತಿರ್ತಾರೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು, ನಿನ್ನ ಹಾಗೆಯೇ. ಮೊಳೆ ಜೋಡಿಸುವವನ ಮಗಳು ಡಾಕ್ಟರಾಗಿ, ಭಾನುವಾರ ಹಳ್ಳಿಯಲ್ಲಿ ಕೂತು ಅಜ್ಜಿಯ ಕಾಲು ನೋಡ್ತಾಳೆ ಅಂತ ಅವರಿಗೆ ಗೊತ್ತಾಗಲಿ. ನನಗೂ ಮುಂದಿನ ಸಾಲಿನಲ್ಲಿ ಕೂತು ಅದನ್ನು ಕೇಳಬೇಕು ಅಂತ ಆಸೆ ಇದೆ. ಜಾಸ್ತಿ ಆಸೆನೇ ಇದೆ, ಮುಚ್ಚಿಡೋದು ಯಾಕೆ?

ಬರ್ತೀನಿ ಅಂತ ನಾಳೆಯೇ ಕಾಲೇಜಿಗೆ ತಿಳಿಸು. ಸನ್ಮಾನದ ದಿನ ಬೆಳಿಗ್ಗೆ ಬಸ್ಸಿಗೆ ಹೊರಡು, ಕಾರು ಬೇಡ. ಸಿಸ್ಟರ್‌ನೂ ಕರೆದುಕೊಂಡು ಬಾ, ರಾತ್ರಿ ನಮ್ಮಲ್ಲೇ ಉಳಿಯಲಿ. ಕೊಲ್ಹಾರದಲ್ಲಿ ಬಸ್ಸು ನಿಂತರೆ ಒಂದು ಗಡಿಗೆ ಮೊಸರು ತೊಗೋ, ಅವ್ವ ಎಣ್ಣೆಗಾಯಿ, ರೊಟ್ಟಿ ಮಾಡ್ತೀನಿ ಅಂದಿದ್ದಾಳೆ. ಇದನ್ನು ನನಗೆ ಹೇಳಿಲ್ಲ, ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು.

ಇಂತಿ,
ನಿನ್ನ ಅಪ್ಪ