ಭಾನುವಾರದ ಚರ್ಚೆಗೆ ಜೆರೆಮಿ ಹೇವುಡ್

ಎಲ್ರಿಗೂ ನಮಸ್ಕಾರ, ಈ ಭಾನುವಾರ ಸಂಜೆ ಆಡಳಿತ ವಿಷಯದ ಚರ್ಚೆಗೆ ಬ್ರಿಟನ್ನಿನ ಹಿರಿಯ ಸರ್ಕಾರಿ ಅಧಿಕಾರಿ ಆಗಿದ್ದ ಜೆರೆಮಿ ಹೇವುಡ್ ಅವ್ರನ್ನ ತಗೊಳ್ಳೋಣ, ದಯವಿಟ್ಟು ಸ್ವಲ್ಪ ಓದ್ಕೊಂಡು ಬನ್ನಿ.

1961ರಲ್ಲಿ ಹುಟ್ಟಿದವ್ರು, ಮೂವತ್ತರ ಆಸುಪಾಸಿಗೇ ಹಣಕಾಸು ಸಚಿವ ನಾರ್ಮನ್ ಲಮಾಂಟ್ ಅವ್ರ ಪ್ರಧಾನ ಖಾಸಗಿ ಕಾರ್ಯದರ್ಶಿ. 1992ರ ಸೆಪ್ಟೆಂಬರ್ 16 ನೆನಪಿದ್ಯಾ, ಪೌಂಡ್ ಕುಸೀತಾ ಇತ್ತು, ಬೆಳಿಗ್ಗೆ ಬಡ್ಡಿ ದರ ಶೇ. 10ರಿಂದ 12ಕ್ಕೆ ಏರಿಸಿದ್ರು, ಮಧ್ಯಾಹ್ನ 15 ಮಾಡ್ತೀವಿ ಅಂದ್ರು, ಆದ್ರೂ ನಿಲ್ಲದೆ ಸಂಜೆ ಯುರೋಪಿನ ವಿನಿಮಯ ದರ ವ್ಯವಸ್ಥೆಯಿಂದಾನೇ (ಸದಸ್ಯ ದೇಶಗಳ ಕರೆನ್ಸಿ ಬೆಲೆಗಳನ್ನ ಒಂದು ಮಿತಿಯೊಳಗೆ ಇಡೋ ಒಪ್ಪಂದ) ಹೊರಬಂದ್ರು, ಆ ದಿನ ಮಂತ್ರಿ ಪಕ್ಕದಲ್ಲಿದ್ದ ಆಫೀಸರ್ ಇವ್ರು. ಅಷ್ಟು ಚಿಕ್ಕ ವಯಸ್ಸಲ್ಲಿ ಅಂಥ ಒತ್ತಡ ಅಂದ್ರೆ ಸುಮ್ನೆ ಅಲ್ಲ.

ಆಮೇಲೆ ಪ್ರಧಾನಿ ಟೋನಿ ಬ್ಲೇರ್ ಆಫೀಸು, ನಡುವೆ ಕೆಲವು ವರ್ಷ ಮಾರ್ಗನ್ ಸ್ಟಾನ್ಲಿ ಬ್ಯಾಂಕು, ಮತ್ತೆ ವಾಪಸ್ ಬಂದು ಬ್ರೌನ್, ಕ್ಯಾಮರೂನ್, ಮೇ ಹೀಗೆ ಲೇಬರ್ ಕನ್ಸರ್ವೇಟಿವ್ ಎರಡೂ ಪಕ್ಷದ ಪ್ರಧಾನಿಗಳ ಜೊತೆ ಕೆಲ್ಸ. ಸರ್ಕಾರ ಬದಲಾದ್ರೂ ಅಧಿಕಾರಿ ಅಲ್ಲೇ ಇರ್ತಾರೆ, ನನಗೆ ಬಹಳ ಇಷ್ಟವಾಗೋದು ಇದೇ. 2012ರಿಂದ ಕ್ಯಾಬಿನೆಟ್ ಸೆಕ್ರೆಟರಿ, ಅಂದ್ರೆ ಪ್ರಧಾನಿ ಮತ್ತು ಸಚಿವ ಸಂಪುಟಕ್ಕೆ ಸಲಹೆ ಕೊಡೋ ಅತಿ ಹಿರಿಯ ಅಧಿಕಾರಿ, 2014ರಿಂದ ಇಡೀ ಸಿವಿಲ್ ಸರ್ವಿಸಿನ ಮುಖ್ಯಸ್ಥರೂ ಹೌದು. ಕ್ಯಾನ್ಸರ್ ಗೊತ್ತಾದ ಮೇಲೂ ಬ್ರೆಕ್ಸಿಟ್ (ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬರೋದು) ಗಲಾಟೆ ಮಧ್ಯೆ ಕೆಲ್ಸ ಮುಂದುವರಿಸಿ, 2018ರ ಅಕ್ಟೋಬರಲ್ಲಿ ನಿವೃತ್ತರಾಗಿ ನವೆಂಬರ್ 4ಕ್ಕೆ ತೀರ್ಕೊಂಡ್ರು, 56 ವರ್ಷ ಅಷ್ಟೇ.

ಬರೀ ಹೊಗಳಿಕೆ ಬೇಡ. ಹಣಕಾಸು ಉದ್ಯಮಿ ಲೆಕ್ಸ್ ಗ್ರೀನ್‌ಸಿಲ್‌ಗೆ ಸರ್ಕಾರದೊಳಗೆ ಜಾಗ ಸಿಕ್ಕಿದ್ರಲ್ಲಿ ಇವ್ರ ಪಾತ್ರದ ಬಗ್ಗೆ ಸರ್ಕಾರವೇ ಮಾಡಿಸಿದ ತನಿಖೆಯ 2021ರ ಬೋರ್ಡ್‌ಮನ್ ವರದಿ ಟೀಕೆ ಮಾಡಿದೆ, ಉತ್ತರ ಕೊಡೋಕೆ ಅವ್ರೇ ಇರ್ಲಿಲ್ಲ, ಅದನ್ನೂ ಮಾತಾಡೋಣ. ಯಾರು ಯಾವ ಭಾಗ ತಗೋತೀರಿ ಅಂತ ಶುಕ್ರವಾರದೊಳಗೆ ಇಲ್ಲೇ ಹಾಕಿ.